ಎರಡು ಬಾಗಿಲಿನ ಡೇರೆ

ಸುಗ್ಗಿಯ ಚಳಿಯಲ್ಲಿ ರಾಯಬಾಗದ ಕಡೆ ಗಾಣ ಹೂಡಿದರೆ ರಾತ್ರಿಯಿಡೀ ಒಲೆ ಆರುತ್ತಿರಲಿಲ್ಲ. ಬೆಲ್ಲದ ಕೊಪ್ಪರಿಗೆಯ ಮುಂದೆ ಕಂಬಳಿ ಹೊದ್ದು ಕೂತ ನಮಗೆ ಕಥೆ ಹೇಳುತ್ತಿದ್ದವರು ಮರಾಠಾ ಲೈಟ್ ಇನ್‌ಫಂಟ್ರಿಯಿಂದ ನಿವೃತ್ತರಾಗಿ ಬಂದಿದ್ದ ಒಬ್ಬ ಹವಾಲ್ದಾರ್ ಕಾಕಾ. ಕೊರಿಯಾಕ್ಕೆ ಅವರು ಹೋದವರಲ್ಲ. ಆದರೂ ಜನರಲ್ ಥೋರಾತರ ಹೆಸರು ಬಂತೆಂದರೆ ಎದ್ದು ನೆಟ್ಟಗೆ ಕೂರುತ್ತಿದ್ದರು. 1949ರವರೆಗೆ ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಶಂಕರರಾವ್ ಥೋರಾತರು ಅದೇ ಕೊಲ್ಹಾಪುರ ಸೀಮೆಯ ವಡಗಾಂವದವರು. "ನಮ್ಮ ಸಂಸ್ಥಾನದ ಮನಷ್ಯಾ" ಎಂದೇ ಕಾಕಾ ಶುರು ಮಾಡುವರು. ಆಮೇಲೆ ನಾನು ಓದಿ ತಿಳಿದದ್ದನ್ನೂ ಸೇರಿಸಿ ಆ ಕಥೆ ಹೇಳುತ್ತೇನೆ.

1953ರ ಜುಲೈ 27ಕ್ಕೆ ಕೊರಿಯಾ ಯುದ್ಧ ನಿಂತಿತು. ಆದರೆ ಸೆರೆ ಸಿಕ್ಕವರಲ್ಲಿ 22,000ಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಸೈನಿಕರು ತಮ್ಮ ದೇಶಕ್ಕೆ ಮರಳುವುದಿಲ್ಲ ಎಂದರು. ಆ ಮಾತು ಅವರ ಮನಸ್ಸಿನದೋ, ಯಾರೋ ಹೆದರಿಸಿ ಆಡಿಸಿದ್ದೋ? ತೀರ್ಮಾನಿಸಲು ಐದು ತಟಸ್ಥ ರಾಷ್ಟ್ರಗಳ ಆಯೋಗ ಬಂತು. ಸ್ವೀಡನ್, ಸ್ವಿಟ್ಜರ್‌ಲೆಂಡ್ ಒಂದು ಕಡೆ ವಾಲಿದರೆ ಪೋಲೆಂಡ್, ಚೆಕೊಸ್ಲೊವಾಕಿಯಾ ಇನ್ನೊಂದು ಕಡೆ. ನಡುವಿನ ಕುರ್ಚಿ ಭಾರತದ್ದು. ಅದರಲ್ಲಿ ಕೂತವರು ಕೊಡಗಿನ ಲೆಫ್ಟಿನೆಂಟ್ ಜನರಲ್ ಕೆ.ಎಸ್. ತಿಮ್ಮಯ್ಯ. ಐದು ವರ್ಷದ ಹಿಂದಷ್ಟೇ ಜೋಜಿ ಲಾ ಕಣಿವೆಗೆ ಟ್ಯಾಂಕು ಹತ್ತಿಸಿ ಶತ್ರುವನ್ನು ಓಡಿಸಿದವರು ಈಗ ನ್ಯಾಯಾಧೀಶರ ಕೆಲಸಕ್ಕೆ ನಿಂತರು. ಕೈದಿಗಳನ್ನು ಕಾಯುವ ಭಾರತೀಯ ಪಡೆಯ ಹೊಣೆ ಥೋರಾತರದು. ಇಬ್ಬರೂ 1906ರಲ್ಲಿ ಹುಟ್ಟಿದವರು. 1945ರಲ್ಲಿ ಬರ್ಮಾದ ಕಾಂಗಾವ್ ಕಾಳಗದಲ್ಲಿ ಒಂದೇ ಬ್ರಿಗೇಡಿನ ಬೇರೆ ಬೇರೆ ಬೆಟಾಲಿಯನ್‌ಗಳನ್ನು ನಡೆಸಿದವರು.

ವಿಚಾರಣೆಗೆ ಡೇರೆಗಳನ್ನು ಹಾಕಿದ್ದರು. ಕೈದಿಗಳು ಒಬ್ಬೊಬ್ಬರಾಗಿ ಒಳಗೆ ಬರಬೇಕು. ಎದುರಿಗೆ ಅವರ ದೇಶದ ಅಧಿಕಾರಿಗಳು, ಪಕ್ಕದಲ್ಲಿ ಆಯೋಗದವರು. ಮಾತು ಮುಗಿದ ಮೇಲೆ ಹೊರಗೆ ಹೋಗಲು ಎರಡು ಬಾಗಿಲು: ಒಂದು ಊರಿನ ಕಡೆಗೆ, ಇನ್ನೊಂದು ಮರಳಿ ಶಿಬಿರಕ್ಕೆ. ಕೆಲವರು ಕೂಗಾಡುತ್ತ, ಕಾವಲುಗಾರರ ಕೈಯಲ್ಲಿ ಕೊಸರಾಡುತ್ತ ಬರುತ್ತಿದ್ದರು. ಒಳಗೆ ಬರಲು ಒಪ್ಪದೆ ಶಿಬಿರಕ್ಕೆ ಶಿಬಿರವೇ ಹಟ ಹಿಡಿದದ್ದೂ ಉಂಟು. ಬಲವಂತದಿಂದ ಎಳೆದು ತನ್ನಿ ಎಂಬ ಒತ್ತಾಯವಿತ್ತು. ಅದಕ್ಕೆ ಭಾರತ ಒಪ್ಪಲಿಲ್ಲ.

ಶಿಬಿರದೊಳಗಿನ ಆಳ್ವಿಕೆ ಕೈದಿ ಮುಖಂಡರದು. ಊರಿಗೆ ಹೋಗಬೇಕೆನ್ನುವವರು ರಾತ್ರಿ ತಂತಿಬೇಲಿ ಹಾರಿ ನಮ್ಮ ಜವಾನರ ಮೊರೆ ಹೋಗುತ್ತಿದ್ದರು. ಕೈದಿಗಳೇ ಕೈದಿಗಳನ್ನು ಕೊಂದರು. ಭಾರತೀಯ ಪಡೆ ಕೋರ್ಟ್ ಮಾರ್ಷಲ್ ಹೂಡಿತು. ವಿಚಾರಣೆ ಮುಗಿಯುವ ಮೊದಲೇ ಕಾವಲಿನ ಅವಧಿ ತೀರಿತು. ನ್ಯಾಯ ಅರ್ಧಕ್ಕೇ ನಿಂತ ಈ ಸಂಗತಿ ನನ್ನನ್ನು ಈಗಲೂ ಕಾಡುತ್ತದೆ.

ಕಾಕಾ ಕಾಯುತ್ತಿದ್ದದ್ದು ಮುಂದಿನ ಘಟನೆಗೆ. ಸೆಪ್ಟೆಂಬರಿನಲ್ಲಿ ಚೀನೀ ಕೈದಿಗಳು ನಮ್ಮ ಮೇಜರ್ ಒಬ್ಬರನ್ನು ಬೇಲಿಯೊಳಕ್ಕೆ ಎಳೆದುಕೊಂಡು ಒತ್ತೆ ಇಟ್ಟರು. ಗುಂಡು ಹಾರಿಸಿದರೆ ಮೇಜರ್ ಉಳಿಯುವುದಿಲ್ಲ, ನೂರಾರು ಕೈದಿಗಳೂ ಸಾಯುತ್ತಾರೆ. ಥೋರಾತರು ಗೇಟು ತೆಗೆಸಿ ತಾವೇ ಒಳಗೆ ನಡೆದರು. ಸುತ್ತ ರೊಚ್ಚಿಗೆದ್ದ ಜನ. ಮನೆಗೆ ಬಂದವರಿಗೆ ಒಂದು ಸಿಗರೇಟು, ಒಂದು ಕಪ್ ಚಹಾ ಕೊಡುವ ರೂಢಿ ನಿಮ್ಮಲ್ಲಿ ಇಲ್ಲವೇನು ಎಂದು ಕೇಳಿದರಂತೆ. ಗದ್ದಲ ಇಳಿಯಿತು. ಯಾರೋ ಸಿಗರೇಟು ಕೊಟ್ಟರು. ಇಲ್ಲಿಗೆ ಬಂದಾಗ ಕಾಕಾ ಎರಡು ಬೆರಳು ತುಟಿಗೆ ತಂದು ತೋರಿಸಿ ಸುಮ್ಮನಾಗುವರು. ಕೊಪ್ಪರಿಗೆ ಕುದಿಯುವ ಸದ್ದು ಮಾತ್ರ. "ಮೇಜರನ್ನ ಕರಕೊಂಡು ಹೊರಗ ಬಂದ್ರು ನೋಡು" ಎಂದಾಗ ನಮಗೆ ಉಸಿರು ಬರುತ್ತಿತ್ತು. ಈ ಧೈರ್ಯಕ್ಕೆ ಥೋರಾತರಿಗೆ ಎರಡನೆಯ ದರ್ಜೆಯ ಅಶೋಕ ಚಕ್ರ ಸಂದಿತು.

ಡಿಸೆಂಬರ್ 23ಕ್ಕೆ ಡೇರೆಯ ವಿಚಾರಣೆ ನಿಂತಿತು. ಬಹುಪಾಲು ಕೈದಿಗಳ ಸರದಿ ಬಂದೇ ಇರಲಿಲ್ಲ. ಬಿಡುಗಡೆ ಮಾಡಿ ಎಂದಿತು ಅಮೆರಿಕದ ಪಕ್ಷ. ಇನ್ನೂ ಇಟ್ಟುಕೊಳ್ಳಿ ಎಂದಿತು ಚೀನಾ. ತಮಗಿರುವ ಅಧಿಕಾರದಲ್ಲಿ ಎರಡೂ ಸಾಧ್ಯವಿಲ್ಲವೆಂದು ಕಂಡ ತಿಮ್ಮಯ್ಯ, 1954ರ ಜನವರಿ 20ರಂದು ಕೈದಿಗಳನ್ನು ಹಿಡಿದಿದ್ದವರಿಗೇ ಮರಳಿ ಒಪ್ಪಿಸಲು ತೊಡಗಿದರು. ಎರಡೂ ಕಡೆಯವರು ಮುನಿದರು. "ಇಬ್ರೂ ಸಿಟ್ಟಾದ್ರಂದ್ರ ಪಂಚ ಯಾರ ಕಡೀಗೂ ವಾಲಿಲ್ಲಂತ ತಿಳಿ" ಎಂದು ಕಾಕಾ ಹೇಳುತ್ತಿದ್ದರು. ನನ್ನ ಅಭಿಪ್ರಾಯವೂ ಅದೇ. ಇತ್ತ ಕಡೆಯೂ ಬೇಡ, ಅತ್ತ ಕಡೆಯೂ ಬೇಡ ಎಂದ ಕೆಲವು ಕೈದಿಗಳು ನಮ್ಮ ಸೈನಿಕರ ಜೊತೆ ಹಡಗು ಹತ್ತಿ ಮದ್ರಾಸಿಗೆ ಬಂದರು.

ತಿಮ್ಮಯ್ಯ 1957ರಲ್ಲಿ ಸೇನಾ ಮುಖ್ಯಸ್ಥರಾದರು. ನಿವೃತ್ತಿಯ ನಂತರವೂ ವಿಶ್ವಸಂಸ್ಥೆ ಕರೆದಾಗ ಸೈಪ್ರಸ್‌ನಲ್ಲಿ ಶಾಂತಿ ಕಾಯಲು ಹೋದರು; ಅಲ್ಲೇ 1965ರ ಡಿಸೆಂಬರ್ 18ರಂದು ತೀರಿಕೊಂಡರು. ಮಡಿಕೇರಿಯಲ್ಲಿ ಅವರ ಮನೆ 'ಸನ್ನಿಸೈಡ್' 2021ರಿಂದ ವಸ್ತುಸಂಗ್ರಹಾಲಯವಾಗಿದೆ. ನಮ್ಮ ಕಡೆಯಿಂದ ಕೊಡಗು ನೋಡಲು ಹೋಗುವವರು ರಾಜಾಸೀಟಿನಿಂದಲೇ ಹಿಂದಿರುಗಬೇಡಿ. ಮಕ್ಕಳನ್ನು ಕರೆದುಕೊಂಡು ಆ ಮನೆಗೂ ಹೋಗಿ ಬನ್ನಿ.