ವಜ್ರದ ಕಲೆ, ವಜ್ರದ ಕಾಂತಿ

ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ನಮ್ಮ ಸಂಸಾರಗಳಲ್ಲಿ ವಜ್ರದ ಓಲೆಯ ಮಾತು ಹೊರಡುವುದುಂಟು. ಎಷ್ಟೋ ವರ್ಷಗಳ ಉಳಿತಾಯವು ಒಂದು ಜೊತೆ ಓಲೆಯಲ್ಲಿಯೋ ಒಂದು ಬೇಸರಿಯಲ್ಲಿಯೋ ಅಡಗಿಹೋಗುವುದು. ಬದನೆಕಾಯಿಯನ್ನು ಹೊರಳಿಸಿ ನೋಡಿ, ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು ಕೊಳ್ಳುವ ನಾವು ರತ್ನಪಡಿ ಅಂಗಡಿಯಲ್ಲಿ ಮಾತ್ರ ಮೂಕರಾಗಿ ಕುಳಿತುಬಿಡುವೆವು. ವರ್ತಕನು ‘ಕಲೆಯಿಲ್ಲದ ಕಲ್ಲು’ ಎಂದರೆ ನಮಗೆ ಹಿಗ್ಗು; ‘ಒಳಗೆ ಒಂದು ಚುಕ್ಕೆಯಿದೆ’ ಎಂದರೆ ಅಂಜಿಕೆ. ಈ ಹಿಗ್ಗು ಅಂಜಿಕೆಗಳು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ವಾಚಕರೊಡನೆ ವಿಚಾರಿಸಬೇಕೆಂದು ನಮ್ಮ ಇಚ್ಛೆ.

ಅಂಜಿಕೆಯ ಮೂಲವು ಹಳೆಯದು. ನಮ್ಮ ರತ್ನಶಾಸ್ತ್ರಗಳು ಮಲ, ಬಿಂದು, ಯವ, ರೇಖೆ, ಕಾಕಪಾದ ಎಂದು ವಜ್ರದ ದೋಷಗಳನ್ನು ಎಣಿಸಿ, ಅವುಗಳಿಗೆ ಅನಿಷ್ಟಫಲಗಳನ್ನು ಹೇಳಿವೆ. ಫಲದ ಮಾತು ಅವರವರ ನಂಬಿಕೆಗೆ ಬಿಟ್ಟದ್ದು. ಆದರೆ ಆ ಹಿರಿಯರ ನೋಟವು ಸೂಕ್ಷ್ಮವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಭೂಮಿಯ ಒಡಲಿನಲ್ಲಿ, ಬಹುಮಟ್ಟಿಗೆ 150 ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ ವಜ್ರವು ಬೆಳೆಯುವಾಗ ಅನ್ಯ ಖನಿಜದ ಕಣಗಳು ಅದರೊಳಗೆ ಸಿಕ್ಕಿಕೊಳ್ಳುತ್ತವೆ; ಒತ್ತಡದಿಂದ ಸೀಳುಗಳೂ ಉಂಟಾಗುತ್ತವೆ. ಕಲೆಯೆಂದರೆ ಇಷ್ಟೇ.

ಈಗಿನ ಪರೀಕ್ಷಕರು 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಇವುಗಳನ್ನು ನೋಡುತ್ತಾರೆ. ಅಮೆರಿಕದ ಜಿ.ಐ.ಎ. ಸಂಸ್ಥೆಯು 1953ರಲ್ಲಿ ಬಳಕೆಗೆ ತಂದ ಕ್ರಮದಲ್ಲಿ ಇಂದು 11 ಮೆಟ್ಟಲುಗಳಿವೆ: ಮೇಲುತುದಿಯಲ್ಲಿ ನಿರ್ದೋಷವಾದ ಕಲ್ಲು, ಕೆಳತುದಿಯಲ್ಲಿ ‘ಐ 3’. ನಡುವಣ ‘ವಿ.ಎಸ್.’ ಮೆಟ್ಟಲಿನ ಕಲೆಗಳು ಸಾಮಾನ್ಯವಾಗಿ ಬರಿಗಣ್ಣಿಗೆ ತೋರವು. ‘ಎಸ್.ಐ.’ ಎಂಬಲ್ಲಿ ಕಲ್ಲಿಗೂ ಕಲ್ಲಿಗೂ ವ್ಯತ್ಯಾಸವುಂಟು. ಅಲ್ಲಿ ಪತ್ರವನ್ನು ಓದಿದರೆ ಸಾಲದು, ಕಲ್ಲನ್ನೇ ನೋಡಬೇಕು.

ನೋಡುವುದಾದರೂ ಏನನ್ನು? ಮೊದಲು, ಕಲೆಯಿರುವ ಸ್ಥಳವನ್ನು. ಹರಳಿನ ನೆತ್ತಿಯ ಚಪ್ಪಟೆ ಮುಖದ ಕೆಳಗೆ ಕಪ್ಪು ಚುಕ್ಕೆಯಿದ್ದರೆ ಕೆಳಗಿನ ಮುಖಗಳು ಅದನ್ನು ಕನ್ನಡಿಗಳಂತೆ ಪ್ರತಿಬಿಂಬಿಸಿ, ಒಂದನ್ನು ಹಲವಾಗಿ ತೋರಿಸುವುದುಂಟು. ಅದೇ ಚುಕ್ಕೆ ಬೆಳ್ಳಗಿದ್ದು ಅಂಚಿನಲ್ಲಿದ್ದರೆ ಕಾಂತಿಗೆ ಅಷ್ಟಾಗಿ ಕುಂದಿಲ್ಲ. ಎರಡನೆಯದು, ಕಲೆಯ ಜಾತಿ. ಸಣ್ಣ ಸಣ್ಣ ಕಣಗಳು ಮೋಡದಂತೆ ದಟ್ಟವಾಗಿ ಹಬ್ಬಿದ್ದರೆ ಹರಳಿನ ತಿಳಿಯೇ ಕದಡಿ, ಹಾಲು ಬೆರೆಸಿದ ನೀರಿನಂತಾಗುವುದು. ಮೂರನೆಯದು, ಬಲ. ಅಂಚಿನವರೆಗೆ ಬಂದು ಹೊರಮೈಗೆ ತಾಕಿದ ದೊಡ್ಡ ಸೀಳು ಪೆಟ್ಟಿಗೆ ಬಾಯಿ ತೆರೆಯಬಹುದು. ಉಂಗುರದ ಕಲ್ಲಿಗೆ ಇದು ಬಲು ಅಪಾಯ.

ಇವೆಲ್ಲವೂ ಸರಿಯಾಗಿದ್ದರೂ ಕಾಂತಿ ಬಂದೀತೆಂಬ ಭರವಸೆಯಿಲ್ಲ. ಒಳಹೊಕ್ಕ ಬೆಳಕನ್ನು ಮತ್ತೆ ನೋಡುವವರ ಕಣ್ಣಿಗೆ ತಿರುಗಿಸುವುದು ಸಾಣೆಯ ಕೆಲಸ. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಕೊಹಿನೂರನ್ನು ಕಂಡ ಜನರು ಅದರ ಮಂಕುತನಕ್ಕೆ ಬೇಸರಪಟ್ಟರು. ಮರುವರ್ಷ ಅದನ್ನು ಹೊಸದಾಗಿ ಕಡೆಸಲಾಯಿತು. ಸುಮಾರು 186 ಕ್ಯಾರಟ್ಟಿನ ಕಲ್ಲು 105.6 ಕ್ಯಾರಟ್ಟಿಗೆ ಇಳಿಯಿತು. ಕಾಂತಿ ಮಾತ್ರ ಏರಿತು.

ನಮ್ಮ ಬಂಧುಗಳ ಮನೆಯ ಹುಡುಗಿಯೊಬ್ಬಳಿಗೆ ಓಲೆಯ ಹರಳು ಆರಿಸಲು ಹೋದಾಗ ಈ ಮಾತು ಕಣ್ಣಿಗೆ ಕಟ್ಟಿತು. ಒಂದೇ ತೂಕದ ಎರಡು ಜೊತೆಗಳು, ಮೊದಲನೆಯದು ‘ವಿ.ವಿ.ಎಸ್.’, ಎರಡನೆಯದು ‘ಎಸ್.ಐ.’. ಅಂಗಡಿಯ ಝಗಝಗಿಸುವ ದೀಪದಡಿಯಲ್ಲಿ ಎರಡೂ ಒಂದೇ. ಬಾಗಿಲ ಬಳಿಯ ನೆರಳಿಗೆ ತಂದು ಬಿಳಿಯ ಕಾಗದದ ಮೇಲೆ ಇಟ್ಟೆವು. ಶುದ್ಧವೆನಿಸಿದ ಜೊತೆಯು ನಡುವೆ ಕಪ್ಪಿಟ್ಟು ಸಪ್ಪಗಾಯಿತು. ಚುಕ್ಕೆಯ ಜೊತೆಯು ಮಿನುಗುತ್ತಲೇ ಇತ್ತು. “ಚುಕ್ಕೆಯ ಕಲ್ಲು ಬೇಡವೇ ಬೇಡ, ನಾಳೆ ಬೀಗರು ಏನೆಂದಾರು?” ಎಂದರು ತಾಯಿ. “ಬೀಗರು ಭೂತಗನ್ನಡಿ ಹಿಡಿದುಕೊಂಡು ಬರುತ್ತಾರೇನಮ್ಮ?” ಎಂದಳು ಮಗಳು. ತಾಯಿಯೂ ನಕ್ಕರು. ಕಾಂತಿಯ ಜೊತೆಯೇ ಮನೆಗೆ ಬಂದಿತು. ಉಳಿದ ಹಣವು ಹುಡುಗಿಯ ಹೆಸರಿನಲ್ಲಿ ಬ್ಯಾಂಕು ಸೇರಿತು.

ಎಚ್ಚರಿಕೆಯ ಮಾತುಗಳೂ ಇವೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಸೀಳಿಗೆ ಗಾಜಿನಂಥ ವಸ್ತುವನ್ನು ತುಂಬಿ ಮರೆಮಾಡಿದ ಕಲ್ಲುಗಳುಂಟು. ಅಕ್ಕಸಾಲಿಗನ ಬೆಂಕಿ ತಗುಲಿದರೆ ಆ ತುಂಬಿದ್ದು ಕೆಡುವುದು. ಆದಕಾರಣ ಹಾಗೆ ಏನನ್ನಾದರೂ ಮಾಡಿದೆಯೇ ಎಂದು ಕೇಳಿ, ಉತ್ತರವನ್ನು ರಸೀದಿಯಲ್ಲಿ ಬರೆಯಿಸಿಕೊಳ್ಳತಕ್ಕದ್ದು. ಹಿಂಬದಿ ಮುಚ್ಚಿ ಕಟ್ಟಿದ ಒಡವೆಯಲ್ಲಿ ಕಲೆಯನ್ನು ಕಾಣುವುದು ಕಷ್ಟ. ಕಟ್ಟುವ ಮುನ್ನವೇ ಹರಳನ್ನು ನೋಡಬೇಕು. ಮನೆಯಲ್ಲಿರುವ ಓಲೆ ಮಂಕಾದರೆ ಕಲ್ಲನ್ನು ಕೂಡಲೇ ಹಳಿಯಬಾರದು. ವಜ್ರಕ್ಕೆ ಜಿಡ್ಡು ಬಹು ಬೇಗ ಅಂಟುತ್ತದೆ. ಎಣ್ಣೆಸ್ನಾನವಾದ ಮೇಲೆ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಮೆತ್ತಗೆ ತೊಳೆದರೆ ಹೋದ ಕಳೆ ಬಹುಮಟ್ಟಿಗೆ ಮರಳುವುದು.

ಕಡೆಗೆ, ಕಲೆಯಿಂದ ಒಂದು ಉಪಕಾರವೂ ಉಂಟು. ಒಂದು ಕಲ್ಲಿನ ಕಲೆಯಂತೆ ಇನ್ನೊಂದರದು ಇರುವುದಿಲ್ಲ. ಓಲೆಯನ್ನು ಮುರಿಸಿ ಕಟ್ಟಿಸಲು ಕೊಡುವ ದಿನ ಭೂತಗನ್ನಡಿಯಲ್ಲಿ ಆ ಗುರುತನ್ನು ನೋಡಿಟ್ಟುಕೊಂಡರೆ, ತಿರುಗಿ ಬಂದದ್ದು ನಮ್ಮ ಹರಳೇ ಎಂದು ತಿಳಿಯಬಹುದು. ಕೆನ್ನೆಯ ಮಚ್ಚೆಯಿಂದ ಮನೆಯ ಮಗುವನ್ನು ಗುರುತಿಸಿದಂತೆಯೇ ಇದು.