ದೊಡ್ಡೇರಿಯ ದಾರಿ ಮತ್ತು ಸೋರುವ ರೇಡಿಯೇಟರು

ತುಮಕೂರಿನಿಂದ ಉತ್ತರಾಭಿಮುಖವಾಗಿ ಹೊರಟು, ಕೊರಟಗೆರೆಯನ್ನು ದಾಟಿ ಮಧುಗಿರಿಯ ಕಡೆಗೆ ಪಯಣಿಸುವವರಿಗೆ ಮೊದಲು ಕಣ್ಣಿಗೆ ಬೀಳುವುದು ಕಲ್ಲು. ಬಳಿಕ ಮನಸ್ಸಿಗೆ ಬರುವುದು ನೀರು. ದೇವರಾಯನದುರ್ಗದಲ್ಲಿ ಹುಟ್ಟಿ ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿಯು ಈ ಸೀಮೆಯ ನದಿಯೇ ಆದರೂ, ವರ್ಷದ ಬಹುಭಾಗ ಅದರ ಪಾತ್ರದಲ್ಲಿ ಕಾಣುವುದು ಮರಳು ಮಾತ್ರ. ಸಮುದ್ರಮಟ್ಟದಿಂದ 3,930 ಅಡಿ ಎತ್ತರಕ್ಕೆ ಒಂದೇ ಬಂಡೆಯಾಗಿ ಎದ್ದು ನಿಂತಿರುವ ಮಧುಗಿರಿಯ ಬೆಟ್ಟವನ್ನು ಬೇಸಗೆಯ ನಡುಹಗಲಿನಲ್ಲಿ ನೋಡಿದರೆ, ಕಾದ ಕಾವಲಿಯೊಂದನ್ನು ನೆಟ್ಟಗೆ ನಿಲ್ಲಿಸಿದಂತೆ ತೋರುತ್ತದೆ.

ಮಧುಗಿರಿಯಿಂದ ಪಶ್ಚಿಮಕ್ಕೆ, ಸಿರಾ ಕಡೆಗೆ ಹೊರಟರೆ ದೊಡ್ಡೇರಿಯ ಸೀಮೆ. ಊರಿನ ಹೆಸರಿನಲ್ಲಿಯೇ ಏರಿ ಎಂಬ ಮಾತು ಕೇಳಿಬರುತ್ತದೆ. ಮಳೆಯ ನೀರನ್ನು ಕಟ್ಟಿ ನಿಲ್ಲಿಸಿ, ಅದರಿಂದ ಬದುಕಬೇಕಾದ ನಾಡು ಇದು. ಕೆರೆಯನ್ನು ಬಲ್ಲವರು ಹೇಳುವ ಮಾತೊಂದುಂಟು: ಏರಿಯ ಬುಡದಲ್ಲಿ ನೀರು ಜಿನುಗಿದರೆ ಅಲ್ಲಿಗೆ ಮಣ್ಣು ಸುರಿದು ಪ್ರಯೋಜನವಿಲ್ಲ, ರಂಧ್ರವಿರುವುದು ಒಳಮೈಯಲ್ಲಿ, ಬಹುಶಃ ಮೇಲ್ಗಡೆ. ನೀರು ಕಾಣಿಸಿಕೊಂಡ ಎಡೆ ಬೇರೆ, ಅದು ಹೊರಟ ಎಡೆ ಬೇರೆ. ಈ ವಿವೇಕವು ಮೋಟಾರಿಗೂ ಸಲ್ಲುವುದೆಂಬುದು ನಮಗೆ ಆ ದಾರಿಯಲ್ಲಿಯೇ ಮನವರಿಕೆಯಾಯಿತು.

ನಾವು ಕುಟುಂಬಸಮೇತರಾಗಿ ಹೊರಟಿದ್ದು ಪಿತ್ತಾಳೆಯ ರೇಡಿಯೇಟರುಳ್ಳ ಹಳೆಯ ಮೋಟಾರಿನಲ್ಲಿ. ದೊಡ್ಡೇರಿಯ ಸೀಮೆಯನ್ನು ಹೊಕ್ಕ ಸ್ವಲ್ಪ ಹೊತ್ತಿಗೆ ಉಷ್ಣವನ್ನು ತೋರಿಸುವ ಮುಳ್ಳು ಮೇಲೇರಿತು. ಮುಂಭಾಗದಿಂದ ಹಬೆಯೂ ಕಾಣಿಸಿತು. ಕೂಡಲೆ ಹುಣಿಸೆಯ ನೆರಳಿನಲ್ಲಿ ಗಾಡಿಯನ್ನು ನಿಲ್ಲಿಸಿ ಯಂತ್ರವನ್ನು ಆರಿಸಿದೆವು. ಹುಡುಗರು ಮುಚ್ಚಳ ತೆಗೆಯಲು ಆತುರಪಟ್ಟರು. ಅವರನ್ನು ತಡೆದು ದೂರ ಕೂರಿಸಿದೆವು. ಇದು ಪ್ರತಿಯೊಂದು ಮನೆಯವರೂ ತಿಳಿದಿರಬೇಕಾದ ಸಂಗತಿ. ಎರಡು ಸಾವಿರ ಅಡಿಗೂ ಮೇಲಿರುವ ಈ ಸೀಮೆಯಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳವು ಒಳಗೆ ಒತ್ತಡವನ್ನು ಕಾಯ್ದಿಡುವುದರಿಂದ ಅಲ್ಲಿನ ನೀರು ಅದಕ್ಕೂ ಹೆಚ್ಚು ಕಾದರೂ ಕುದಿಯದೆ ನಿಂತಿರುತ್ತದೆ. ಮುಚ್ಚಳವನ್ನು ತೆಗೆದೊಡನೆ ಒತ್ತಡವಿಳಿದು, ಅಷ್ಟು ನೀರೂ ಒಮ್ಮೆಗೇ ಉಕ್ಕಿ ಮುಖಕ್ಕೆ ಹಾರುತ್ತದೆ. ಯಂತ್ರವು ಕೈಮುಟ್ಟುವಷ್ಟು ತಣ್ಣಗಾಗುವವರೆಗೆ ಕಾದು, ದಪ್ಪ ಬಟ್ಟೆಯನ್ನು ಹಾಕಿ ಮೆಲ್ಲನೆ ತಿರುಗಿಸತಕ್ಕದ್ದು. ಕಾದ ಯಂತ್ರಕ್ಕೆ ತಣ್ಣೀರು ಸುರಿಯಲಾಗದು. ಲೋಹವು ಬಿರಿಯುವ ಅಪಾಯವುಂಟು.

ಅಷ್ಟರಲ್ಲಿ ನೀರು ಬೇಕಾಯಿತು. ಸಮೀಪದ ಮನೆಯ ಅಂಗಳದಲ್ಲಿದ್ದ ವೃದ್ಧೆಯೊಬ್ಬರನ್ನು ಕೇಳಿದೆವು.

“ಕುಡಿಯಾಕಾ ಸ್ವಾಮಿ, ಗಾಡಿಗಾ?” ಎಂದರು ಆಕೆ.

“ಗಾಡಿಗೆ, ತಾಯಿ.”

“ಹಂಗಾರೆ ಬೋರಿನ ನೀರು ತಗಳ್ಳಿ. ಕ್ಯಾನಿಂದು ಘಟಕದ ನೀರು, ದುಡ್ಡು ಕೊಟ್ಟು ತಂದದ್ದು. ಮಕ್ಕಳಿಗೆ ಬೇಕಾರೆ ಅದನ್ನ ಕೊಡ್ತೀನಿ.”

ಆ ಮಾತಿನ ಅರ್ಥವು ದೊಡ್ಡದು. ಪಾವಗಡ, ಮಧುಗಿರಿ, ಸಿರಾ ತಾಲ್ಲೂಕುಗಳ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಹೆಚ್ಚು; ಅದು ಹಲ್ಲನ್ನೂ ಮೂಳೆಯನ್ನೂ ಕೆಡಿಸುತ್ತದೆ. ಆದ್ದರಿಂದ ಕುಡಿಯುವ ನೀರನ್ನು ಹಣ ತೆತ್ತು, ಹೊತ್ತು ತರಬೇಕು. ವಿಚಿತ್ರವೆಂದರೆ, ರೇಡಿಯೇಟರಿಗೂ ಹಿತವಾದುದು ಆ ಶುದ್ಧ ನೀರೇ. ಗಡಸು ನೀರು ಸ್ನಾನದ ಹಂಡೆಯೊಳಗೆ ಬಿಳಿಯ ಪದರವನ್ನು ಕಟ್ಟುವಂತೆಯೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿಯೂ ಕಟ್ಟುತ್ತದೆ. ಆದರೆ ಮನುಷ್ಯರ ಬಾಯಿಗೆ ಮೀಸಲಾದುದನ್ನು ಯಂತ್ರಕ್ಕೆ ಬೇಡುವುದುಂಟೆ? ಮಕ್ಕಳು ಘಟಕದ ನೀರನ್ನು ಕುಡಿದರು. ಗಾಡಿಯು ಬೋರಿನ ನೀರನ್ನು ಕುಡಿಯಿತು.

ನೀರು ತುಂಬಿದ ಮೇಲೆ ಸೋರಿಕೆಯನ್ನು ಹುಡುಕಿದೆವು. ಕ್ರಮವು ಇಂತಿದೆ. ಮೊದಲು ಗಾಡಿಯ ಕೆಳಗೆ ಹಳೆಯ ಪತ್ರಿಕೆಯನ್ನು ಹರಡಿ ಹನಿ ಬೀಳುವ ಎಡೆಯನ್ನು ಗುರುತಿಸುವುದು. ಬಳಿಕ ರಬ್ಬರಿನ ಕೊಳವೆಗಳನ್ನೂ ಅವುಗಳ ಬಿಗಿಪಟ್ಟಿಗಳನ್ನೂ ನೋಡುವುದು. ಹಲವು ವೇಳೆ ತಿರುಪನ್ನು ಬಿಗಿಗೊಳಿಸಿದರೆ ಸಾಕು. ಅನಂತರ ಮುಚ್ಚಳದ ರಬ್ಬರು, ನೀರೆತ್ತುವ ಪಂಪು, ಕೊನೆಗೆ ರೇಡಿಯೇಟರಿನ ಮೈ. ಒಣಗಿದ ಬಿಳಿಯ ಅಥವಾ ತುಕ್ಕಿನ ಬಣ್ಣದ ಕಲೆಯು ಸೋರಿಕೆಯ ಹೆಜ್ಜೆಗುರುತು. ಹೊರಗೆಲ್ಲಿಯೂ ಸೋರದೆ ನೀರು ಕಡಿಮೆಯಾಗುತ್ತಿದ್ದು, ಹೊಗೆಕೊಳವೆಯಿಂದ ಬಿಳಿಯ ಹಬೆ ಬರುತ್ತಲೇ ಇದ್ದರೆ ಅಥವಾ ಯಂತ್ರದ ಎಣ್ಣೆ ಹಾಲು ಬೆರೆತಂತೆ ಕಂಡರೆ, ನೀರು ಯಂತ್ರದೊಳಕ್ಕೇ ಇಳಿಯುತ್ತಿರಬಹುದು. ಅಂತಹ ಗಾಡಿಯನ್ನು ನಡೆಸದೆ, ಎಳೆಸಿಕೊಂಡೇ ಹೋಗತಕ್ಕದ್ದು.

ನಮ್ಮ ಗಾಡಿಯ ಹನಿ ರೇಡಿಯೇಟರಿನ ಕೆಳಮೂಲೆಯಿಂದ ಬೀಳುತ್ತಿತ್ತು. ದಾರಿಹೋಕ ಲಾರಿಯವರೊಬ್ಬರು ಅರಿಸಿನಪುಡಿ ಹಾಕಿರೆಂದರು. ಇದು ನಮ್ಮ ದೇಶದ ರಸ್ತೆಗಳಲ್ಲಿ ಹಳೆಯ ಮದ್ದು. ಪುಡಿಯು ನೆನೆದು ರಂಧ್ರವನ್ನು ತುಂಬುತ್ತದೆ. ಆದರೆ ರಂಧ್ರ ಯಾವುದು, ದಾರಿ ಯಾವುದು ಎಂಬ ಭೇದವನ್ನು ಅದು ಅರಿಯದು. ಒಳಗಿನ ಸಣ್ಣ ಕೊಳವೆಗಳನ್ನೂ ಮುಚ್ಚಬಲ್ಲುದು. ಬೇರೆ ಗತಿಯಿಲ್ಲದಾಗ ಊರು ಸೇರುವಷ್ಟಕ್ಕೆ ಮಾತ್ರ ಅದು ಸರಿ. ನಾವು ನೀರನ್ನೇ ನೆಚ್ಚಿ, ನಡುನಡುವೆ ನಿಲ್ಲಿಸಿ, ತಣಿಸಿ, ಮಧುಗಿರಿಗೆ ಹಿಂತಿರುಗಿದೆವು.

ಅಲ್ಲಿನ ವಯಸ್ಸಾದ ಮೇಸ್ತ್ರಿಯೊಬ್ಬರು ರೇಡಿಯೇಟರನ್ನು ಬಿಚ್ಚಿ, ಬಾಯಿಗಳನ್ನು ಬಿಗಿಯಾಗಿ ಮುಚ್ಚಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಸೈಕಲ್ ಪಂಪಿನಿಂದ ಗಾಳಿಯೂದಿದರು. ಟಯರಿನ ಪಂಕ್ಚರನ್ನು ಹುಡುಕುವುದೂ ಹೀಗೆಯೇ ಅಲ್ಲವೆ? ಕೆಳಮೂಲೆಯಲ್ಲಿ ಗುಳ್ಳೆಯೇ ಏಳಲಿಲ್ಲ. ಮೇಲ್ಗಡೆಯ ಹೊಲಿಗೆಯಿಂದ ಗುಳ್ಳೆಗಳು ಸಾಲುಗಟ್ಟಿ ಬಂದವು.

“ಕೆರೆ ಏರಿ ಹಂಗೇ ಸ್ವಾಮಿ, ಒಸರೋದು ಒಂದು ಕಡೆ, ತೂತು ಒಂದು ಕಡೆ,” ಎಂದು ನಕ್ಕರು.

ಮೊಳೆಯಿಂದ ಗುರುತು ಮಾಡಿ, ಒಣಗಿಸಿ, ಪಿತ್ತಾಳೆಯು ಹೊಳೆಯುವವರೆಗೆ ಕೆರೆದು, ನವಸಾಗರವನ್ನು ತಿಕ್ಕಿ, ತವರ ಸೀಸಗಳ ಬೆಸುಗೆಯನ್ನು ಹರಿಯಿಸಿದರು. ಹಿಂದೆ ಮನೆಮನೆಯ ಬಾಗಿಲಿಗೆ ಬಂದು ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರನ್ನು ಕಂಡವರಿಗೆ ಆ ಹೊಗೆಯ ವಾಸನೆಯು ಪರಿಚಿತವೇ. ಮತ್ತೆ ಮುಳುಗಿಸಿದಾಗ ನೀರು ನಿಶ್ಚಲವಾಗಿತ್ತು. ಬೋರಿನ ನೀರು ಕಟ್ಟಿದ್ದ ಗಸಿಯನ್ನೂ ತೊಳೆದು ಕೊಟ್ಟರು.

ಈಗಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಅಲ್ಯೂಮಿನಿಯಮ್ಮಿನ ಮೈಗೆ ಪ್ಲಾಸ್ಟಿಕ್ಕಿನ ತೊಟ್ಟಿಗಳನ್ನು ಕಚ್ಚಿಸಿರುತ್ತಾರೆ. ಪ್ಲಾಸ್ಟಿಕ್ಕು ಬಿರಿದರೆ ಬೆಸುಗೆ ಹಿಡಿಯದು. ಅಂಟಿನಿಂದ ಕೆಲವು ದಿನ ನಡೆಸಬಹುದೇ ಹೊರತು, ಕಡೆಗೆ ಬದಲಾಯಿಸಲೇ ಬೇಕು. ಅವುಗಳಿಗೆ ಹಾಕುವ ಬಣ್ಣದ ಶೀತಕದ್ರವದ ವಿಷಯದಲ್ಲಿ ಗೃಹಸ್ಥರು ಎಚ್ಚರವಾಗಿರಬೇಕು. ಅದರಲ್ಲಿ ಹೆಚ್ಚಾಗಿ ಇರುವ ಎಥಿಲೀನ್ ಗ್ಲೈಕಾಲು ರುಚಿಗೆ ಸಿಹಿ, ಗುಣಕ್ಕೆ ವಿಷ. ಅಂಗಳದಲ್ಲಿ ಸೋರಿದುದನ್ನು ಮಗುವಾಗಲಿ, ನಾಯಿಯಾಗಲಿ, ದನವಾಗಲಿ ನೆಕ್ಕಿದರೆ ಪ್ರಾಣಕ್ಕೆ ಸಂಚಕಾರ. ಆದ್ದರಿಂದ ಬಣ್ಣದ ಹನಿಯನ್ನು ಕಂಡ ದಿನವೇ ಒರೆಸಿ, ಮೂಲವನ್ನು ಹುಡುಕತಕ್ಕದ್ದು.

ಈ ಸೀಮೆಯ ಬೆಟ್ಟಗಳನ್ನೂ ಕೋಟೆಗಳನ್ನೂ ನೋಡಲು ಹೊರಡುವವರು ಗಾಡಿಗೆಂದು ಒಂದು ಕ್ಯಾನು ನೀರನ್ನು ತಮ್ಮ ಮನೆಯಿಂದಲೇ ತುಂಬಿಕೊಂಡು ಹೋಗುವುದು ಲೇಸು. ಕೇಳಿದರೆ ಅಲ್ಲಿನವರು ಇಲ್ಲವೆನ್ನರು. ಇಲ್ಲವೆನ್ನದ ಅವರಲ್ಲಿ ಇರುವುದು ಸ್ವಲ್ಪವೇ ಎಂಬುದನ್ನು ನಾವು ನೆನಪಿಡಬೇಕು.