ನೆಲದ ಮೇಲೆ ಕೂತು ಕೇಳಿದ ಜಾಝ್

ಎಪ್ಪತ್ತರ ದಶಕದಲ್ಲಿ ಶಿವಮೊಗ್ಗದ ನಮ್ಮ ಮನೆಯಲ್ಲಿ ಒಂದು ರೇಡಿಯೊ ಇತ್ತು. ಬ್ಯಾಂಕಿನ ಲೆಡ್ಜರ್ ಮುಗಿಸಿ ಬಂದು, ಊಟವಾದ ಮೇಲೆ ಶಾರ್ಟ್‌ವೇವ್ ತಿರುಗಿಸುತ್ತಿದ್ದೆ. ‘ವಾಯ್ಸ್ ಆಫ್ ಅಮೆರಿಕ’ದಲ್ಲಿ ವಿಲ್ಲಿಸ್ ಕಾನೋವರ್ ಜಾಝ್ ಕೇಳಿಸುತ್ತಿದ್ದರು. ಒಂದೊಂದೇ ಪದ ಬಿಡಿಸಿ ನಿಧಾನವಾಗಿ ಮಾತಾಡುತ್ತಿದ್ದುದರಿಂದ ನನಗೂ ಅರ್ಥವಾಗುತ್ತಿತ್ತು. ಲೂಯಿ ಆರ್ಮ್‌ಸ್ಟ್ರಾಂಗರ ಟ್ರಂಪೆಟ್ ನನ್ನ ಕಿವಿಗೆ ಬಿದ್ದದ್ದು ಹಾಗೆ. “ಅದೇನೋ ಗಲಾಟೆ, ನಿಲ್ಸೋ ಮಾರಾಯ” ಎಂದು ಅಪ್ಪ ಒಳಗಿನಿಂದ ಕೂಗುತ್ತಿದ್ದರು.

ಅಂದಿನಿಂದ ನನಗೆ ಅಚ್ಚುಮೆಚ್ಚಿನದು ‘ವೆಸ್ಟ್ ಎಂಡ್ ಬ್ಲೂಸ್’. 1928ರಲ್ಲಿ ಷಿಕಾಗೋದಲ್ಲಿ ಧ್ವನಿಮುದ್ರಣವಾದದ್ದು. ಮೂರು ನಿಮಿಷ ಚಿಲ್ಲರೆ, ಅಷ್ಟೇ. ಶುರುವಿನಲ್ಲಿ ತಾಳವಿಲ್ಲ, ಜೊತೆಗಾರರಿಲ್ಲ. ನಮ್ಮ ರಾಗಾಲಾಪನೆಯಂತೆ ಟ್ರಂಪೆಟ್ ಒಂದೇ ಮೇಲೇರಿ ಇಳಿದು ಬರುತ್ತದೆ.

ನಾಲ್ಕು ವರ್ಷದಿಂದ ನನಗೆ ಕಿವಿ ಮಂದ. ಶ್ರವಣ ಯಂತ್ರ ಹಾಕಿಕೊಂಡರೆ ಮಾತು ತಿಳಿಯುತ್ತದೆ, ಸಂಗೀತ ಮಾತ್ರ ತಗಡು ಬಡಿದಂತೆ ಕೇಳುತ್ತದೆ. ಬೇಸರವಾಗಿ ಹಾಡು ಹಾಕುವುದನ್ನೇ ಬಿಟ್ಟಿದ್ದೆ. ಕಳೆದ ವರ್ಷ ಹ್ಯೂಸ್ಟನ್‌ನಲ್ಲಿರುವ ಮಗಳ ಮನೆಗೆ ಹೋದಾಗ, “ಅಪ್ಪ, ನಿಮ್ಮ ಆರ್ಮ್‌ಸ್ಟ್ರಾಂಗ್ ಹುಟ್ಟಿದ ಊರು ಇಲ್ಲಿಂದ ಆರು ಗಂಟೆ ದಾರಿ” ಎಂದಳು. “ಕೇಳಿಸದವನಿಗೆ ಕಚೇರಿ ಯಾಕಮ್ಮ?” ಎಂದೆ. ಹತ್ತು ವರ್ಷದ ಮೊಮ್ಮಗಳು ಬಿಡಲಿಲ್ಲ.

ನ್ಯೂ ಆರ್ಲಿಯನ್ಸ್‌ನಲ್ಲಿ ಮೊದಲು ನೋಡಿದ್ದು ಕಾಂಗೋ ಸ್ಕ್ವೇರ್. ದೊಡ್ಡ ಮರಗಳ ನೆರಳಿನ ಬಯಲು. ಗುಲಾಮಗಿರಿಯ ಕಾಲದಲ್ಲಿ ಆಫ್ರಿಕಾದ ಜನ ಭಾನುವಾರ ಇಲ್ಲಿ ಸೇರಿ ಡೋಲು ಬಡಿದು ಕುಣಿಯುತ್ತಿದ್ದರು. ಜಾಝ್‌ನ ಬೇರು ಅಲ್ಲಿದೆ. ಆರ್ಮ್‌ಸ್ಟ್ರಾಂಗ್ ಹುಟ್ಟಿದ್ದು 1901ರಲ್ಲಿ, ಇದೇ ಊರಿನ ಕಡುಬಡವರ ಕೇರಿಯಲ್ಲಿ. ಹೊಸವರ್ಷದ ಹಿಂದಿನ ರಾತ್ರಿ ಬೀದಿಯಲ್ಲಿ ಪಿಸ್ತೂಲು ಹಾರಿಸಿದ ತಪ್ಪಿಗೆ ಹುಡುಗನನ್ನು ಬಾಲಕರ ಸುಧಾರಣಾ ಶಾಲೆಗೆ ಸೇರಿಸಿದರು. ಕಾರ್ನೆಟ್ ಊದುವುದನ್ನು ಅವನು ಸರಿಯಾಗಿ ಕಲಿತದ್ದು ಅಲ್ಲಿಯೇ. ಇಂದು ಆ ಊರಿನ ವಿಮಾನ ನಿಲ್ದಾಣಕ್ಕೆ ಅವನದೇ ಹೆಸರು. ಮೊಮ್ಮಗಳಿಗೆ ಈ ಕತೆ ಬಹಳ ಹಿಡಿಸಿತು.

ಮಿಸಿಸಿಪ್ಪಿ ನದಿಯ ಹತ್ತಿರ ಕಾಫಿ ಕುಡಿದೆವು. ಚಿಕೋರಿ ಬೆರೆಸಿದ ಕಾಫಿ! ಊರಿನ ನೆನಪಾಯಿತು.

ಸಂಜೆ ಪ್ರಿಸರ್ವೇಷನ್ ಹಾಲ್ ಮುಂದೆ ಸಾಲಿನಲ್ಲಿ ನಿಂತೆವು. ಇದು ಶುರುವಾದದ್ದು 1961ರಲ್ಲಿ. ಕರಿಯರು ಬಿಳಿಯರು ಒಟ್ಟಿಗೆ ಕೂರಬಾರದೆಂಬ ಕಟ್ಟಳೆಯಿದ್ದ ಆ ಕಾಲದಲ್ಲೂ ಇಲ್ಲಿ ಇಬ್ಬರೂ ಸೇರಿ ಸಂಗೀತ ಕೇಳಿದರು. ಒಳಗೆ ಹೋದರೆ, ಬಣ್ಣ ಮಾಸಿದ ಗೋಡೆಗಳ ಸಣ್ಣ ಕೋಣೆ. ಮೈಕ್ ಇಲ್ಲ. ಕೆಲವು ಬೆಂಚು, ಮುಂದೆ ನೆಲದ ಮೇಲೆ ದಿಂಬು. ಮೊಮ್ಮಗಳು ನನ್ನನ್ನು ಎಳೆದುಕೊಂಡು ಹೋಗಿ ಎಲ್ಲರಿಗಿಂತ ಮುಂದೆ ಕೂರಿಸಿದಳು. ಮಂಡಿ ನೊಂದರೂ, ಪಂಕ್ತಿಯೂಟಕ್ಕೆ ಕೂತು ರೂಢಿಯಿದ್ದವನಿಗೆ ನೆಲವೇನು ಹೊಸದಲ್ಲ.

ವಾದನ ಶುರುವಾಯಿತು. ಮತ್ತೆ ಅದೇ ತಗಡಿನ ಸದ್ದು. ಯಂತ್ರ ತೆಗೆದು ಅಂಗಿಯ ಜೇಬಿಗೆ ಹಾಕಿದೆ. ಟ್ರಂಪೆಟ್ ನನ್ನಿಂದ ನಾಲ್ಕೈದು ಅಡಿ ದೂರದಲ್ಲಿತ್ತು. ತಗಡು ಹೋಗಿ ಹಿತ್ತಾಳೆ ಬಂತು! ಬೇಸ್‌ನ ನಾದ ಹಲಗೆಯ ನೆಲದಿಂದ ಕಾಲಿಗೆ ಹತ್ತಿತು. ನಮ್ಮ ತನಿಯಾವರ್ತನದಂತೆ ಒಬ್ಬೊಬ್ಬರೂ ತಮ್ಮ ಸರದಿ ನುಡಿಸಿ ಮತ್ತೆ ಕೂಡಿಕೊಂಡರು. ಕ್ಲಾರಿನೆಟ್ಟಿನ ಮೇಲಿನ ಸ್ವರಗಳು ಮಾತ್ರ ನನಗೆ ದಕ್ಕಲಿಲ್ಲ. ಊದುವವರ ಕೆನ್ನೆ ಉಬ್ಬುವುದು ಕಾಣುತ್ತಿತ್ತು, ಸ್ವರ ಇರಲಿಲ್ಲ. ಅದನ್ನು ಗಮನಿಸಿದ ಮೊಮ್ಮಗಳು ನನ್ನ ಅಂಗೈ ಮೇಲೆ ಬೆರಳಿನಿಂದ ಆ ಲಯ ತಟ್ಟಿದಳು. ಮುಕ್ಕಾಲು ಗಂಟೆ ಹೋದದ್ದೇ ತಿಳಿಯಲಿಲ್ಲ.

ಶಿವಮೊಗ್ಗಕ್ಕೆ ಮರಳಿದ ಮೇಲೆ ಒಂದು ಬೆಳಿಗ್ಗೆ ‘ವೆಸ್ಟ್ ಎಂಡ್ ಬ್ಲೂಸ್’ ಹಾಕಿಕೊಂಡು ಕೂತಿದ್ದೆ. ಅದರಲ್ಲಿ ಕ್ಲಾರಿನೆಟ್ ಮೆಲ್ಲಗೆ ಒಂದು ಮಾತು ಕೇಳಿದರೆ, ಆರ್ಮ್‌ಸ್ಟ್ರಾಂಗ್ ಪದಗಳಿಲ್ಲದ ಹಾಡಿನಲ್ಲಿ ಉತ್ತರ ಕೊಡುತ್ತಾರೆ. ಅಷ್ಟರಲ್ಲಿ ಮೊಮ್ಮಗಳ ಫೋನ್ ಬಂತು.

“ಅಜ್ಜ, ಕ್ಲಾರಿನೆಟ್ ಕೇಳಿಸ್ತಾ?”

“ಇಲ್ಲ ಪುಟ್ಟಿ. ಆದ್ರೆ ಎಲ್ಲಿ ಬರುತ್ತೆ ಅಂತ ಗೊತ್ತು.”